ಹೊರೆಗಲ್ಲಿನ ಮೇಲಿಟ್ಟ ತೊಟ್ಟಿಲು

"ಕಾರ್ ನಿಲ್ಸ್ಕೊಳ್ಳಿ, ಸ್ಕೂಟರ್ ನಿಲ್ಸ್ಕೊಳ್ಳಿ, ಹಳೇ ಸಾಮಾನು ಏನಿದ್ರೂ ನೆಲದ ಮೇಲೆ ಇಟ್ಕೊಳ್ಳಿ. ಮೇಲೆ ಮಾತ್ರ ಏನೂ ಇಡಬೇಡಿ ಕಣ್ರಮ್ಮ," ಎಂದಳು ಅಕ್ಕಯಮ್ಮ. "ಆ ಗ್ಯಾರೇಜಲ್ಲಿ ತಲೆಗಿಂತ ಎತ್ತರದಲ್ಲಿ ಭಾರ ಆಗ್ಬಾರ್ದು."

ಇಂಚರ ನಕ್ಕುಬಿಟ್ಟಳು. ಬೆಳಿಗ್ಗೆಯಷ್ಟೇ ಅವಳ ತಾಯಿ ಅಲಮೇಲು ತ್ಯಾಗರಾಜನಗರದಿಂದ ಫೋನು ಮಾಡಿ, ಹೆರಿಗೆಗೆ ಮುಂಚೆ ತೊಟ್ಟಿಲು ಹೊಸಿಲು ದಾಟಿ ಒಳಗೆ ಬರಕೂಡದು ಎಂದು ಕಟ್ಟಪ್ಪಣೆ ಮಾಡಿದ್ದಳು. ಬೇಕಿದ್ದರೆ ಗ್ಯಾರೇಜಿನಲ್ಲಿ ಎಲ್ಲಾದರೂ ಮೇಲೆ ಹಾಕಿಡು ಎಂದಿದ್ದಳು. ಈಗ ಮನೆಯ ಒಡತಿ ಹೀಗೆ.

"ನಮ್ಮಮ್ಮ ಮನೆ ಒಳಗೆ ಇಡಬೇಡ ಅಂತಾರೆ, ನೀವು ಮೇಲೆ ಇಡಬೇಡಿ ಅಂತೀರ. ಇನ್ನೇನು ಮಾಡ್ಲಿ ಅಜ್ಜಿ, ತಲೆ ಮೇಲೆ ಹೊತ್ಕೊಂಡು ತಿರುಗ್ಲಾ?"

ಅಕ್ಕಯಮ್ಮ ನಗಲಿಲ್ಲ. ಅವಳ ಕಣ್ಣು ಒಮ್ಮೆ ಇಂಚರಳ ಹೊಟ್ಟೆಯ ಕಡೆ, ಒಮ್ಮೆ ಗ್ಯಾರೇಜಿನ ಶಟರಿನ ಕಡೆ ಹೋಗಿ ಬಂತು.

"ಬಿಡ್ತು ಅನ್ನಿ."

ಇಂಚರ ಅನ್ನಲಿಲ್ಲ. ಅಂಥ ಮಾತು ಅವಳ ಬಾಯಲ್ಲಿ ಬರುತ್ತಲೇ ಇರಲಿಲ್ಲ.

ಬನಶಂಕರಿ ಎರಡನೇ ಸ್ಟೇಜಿನ ಹಿಂಬದಿಯಲ್ಲಿ, ಅಪಾರ್ಟ್‌ಮೆಂಟುಗಳ ನಡುವೆ ಹಳೇ ಊರಿನ ನಾಲ್ಕಾರು ಮನೆಗಳು ಹಾಗೇ ಉಳಿದುಕೊಂಡಿದ್ದವು. ಅದರಲ್ಲೊಂದು ಅಕ್ಕಯಮ್ಮನದು. ಗಂಡ ಬೈರಣ್ಣ ಬದುಕಿದ್ದಾಗ ಹೊಲ ಹೋಗಿ ಸೈಟಾಗಿ, ಸೈಟು ಹೋಗಿ ಬಾಡಿಗೆ ಮನೆಗಳಾದವು. ಮೇಲಿನ ಮಹಡಿಗೆ ಇಂಚರ ಮತ್ತು ಅವಳ ಗಂಡ ವಿಶ್ರುತ್ ಆ ಬೇಸಿಗೆಯಲ್ಲಿ ಬಾಡಿಗೆಗೆ ಬಂದಿದ್ದರು. ಅವಳಿಗೆ ಆಗ ಏಳನೇ ತಿಂಗಳು. ಇಂಟೀರಿಯರ್ ಡಿಸೈನ್ ಅವಳ ಕಸುಬು. ಜಾಗವೇ ಇಲ್ಲ ಎನ್ನುವ ಮನೆಗಳಲ್ಲಿ ಜಾಗ ಹುಡುಕಿಕೊಡುವುದರಲ್ಲಿ ಅವಳ ಕೈ ಪಳಗಿತ್ತು. ಬೇರೆಯವರ ಮನೆಗಳಿಗೆಲ್ಲ ಅಟ್ಟ ಕಟ್ಟಿಸಿದವಳು ತನ್ನ ತೊಟ್ಟಿಲಿಗೆ ಒಂದು ಅಟ್ಟ ಕಟ್ಟಿಸಲಾರಳೆ?

ತೊಟ್ಟಿಲು ವಿಶ್ರುತನ ಮನೆತನದ್ದು. ತೇಗದ್ದು, ನಾಲ್ಕು ಮೂಲೆಗೂ ಗಿಳಿ ಕೆತ್ತಿದ್ದು. ಅವನನ್ನೂ ಅವನಪ್ಪನನ್ನೂ ಅದರಲ್ಲೇ ತೂಗಿದ್ದಂತೆ. ತಿಲಕ್ ನಗರದಲ್ಲಿದ್ದ ಚಿಕ್ಕಪ್ಪ ಜಯಸಿಂಹ ಮನೆ ಕೆಡವಿಸುತ್ತಿದ್ದುದರಿಂದ ಅದನ್ನು ಆ ವಾರವೇ ತಂದುಕೊಳ್ಳಬೇಕಿತ್ತು.

ಗ್ಯಾರೇಜು ವಿಚಿತ್ರವಾಗಿತ್ತು. ಅಗಲ ಕಡಿಮೆ, ಉದ್ದ ಜಾಸ್ತಿ. ಮೊದಲು ಅದು ಹೊಲದಿಂದ ಊರಿಗೆ ಬರುವ ಓಣಿಯಾಗಿತ್ತಂತೆ. ಬೈರಣ್ಣ ಎರಡೂ ಕಡೆ ಮುಚ್ಚಿ, ಮೇಲೆ ತಾರಸಿ ಹಾಕಿಸಿ, ಮುಂದೆ ಶಟರ್ ಕೂರಿಸಿದ್ದ. ಒಳಗಿನ ಕೊನೆಯಲ್ಲಿ ಎರಡು ಕಲ್ಲುಕಂಬಗಳು ನೆಟ್ಟಗೆ ನಿಂತಿದ್ದವು. ಅವುಗಳ ಮೇಲೆ ಅಡ್ಡಲಾಗಿ ಒಂದು ಚಪ್ಪಡಿ. ಆಳೆತ್ತರ. ಸುಣ್ಣ ಬಳಿದು ಬಳಿದು ಕಲ್ಲಿನ ಮೈ ಕಾಣದಂತಾಗಿತ್ತು. ಹಗಲಲ್ಲೂ ಅಲ್ಲಿ ಬೆಳಕು ಮುಟ್ಟುತ್ತಿರಲಿಲ್ಲ. ಪೆಟ್ರೋಲು ಮತ್ತು ಇಲಿ ಹಿಕ್ಕೆಯ ವಾಸನೆಯ ಅಡಿಯಲ್ಲಿ ಇನ್ನೊಂದು ವಾಸನೆ ಇತ್ತು, ಒದ್ದೆ ಹುಲ್ಲಿನದು. ಈ ಊರಲ್ಲಿ ಹುಲ್ಲೆಲ್ಲಿಂದ ಬರಬೇಕು ಎಂದು ಇಂಚರ ಆಗ ಯೋಚಿಸಲಿಲ್ಲ. ಅವಳಿಗೆ ಕಂಡದ್ದು ಪುಕ್ಕಟೆ ಸಿಕ್ಕ ಒಂದು ಬೀಮು. ಚಪ್ಪಡಿಯಿಂದ ಅಕ್ಕಪಕ್ಕದ ಗೋಡೆಗಳಿಗೆ ಕಬ್ಬಿಣದ ಆಂಗಲ್ ಹಾಯಿಸಿ, ಮೇಲೆ ಪ್ಲೈವುಡ್ ಹಾಸಿದರೆ ಅಟ್ಟ ಮುಗಿಯಿತು. ಕಾರಿನ ಮೂತಿ ಅದರ ಕೆಳಗೆ ಸಲೀಸಾಗಿ ಸೇರುತ್ತದೆ.

ಶುಕ್ರವಾರ ಅಕ್ಕಯಮ್ಮ ರಾಹುಕಾಲದಲ್ಲಿ ನಿಂಬೆಹಣ್ಣಿನ ದೀಪ ಹಚ್ಚಲು ಬನಶಂಕರಿ ದೇವಸ್ಥಾನಕ್ಕೆ ಹೋಗುವುದು ತಪ್ಪುತ್ತಿರಲಿಲ್ಲ. ಇಂಚರ ಅದೇ ಹೊತ್ತಿಗೆ ವೆಲ್ಡಿಂಗ್ ಶಾಪಿನ ಮನೋಜನನ್ನು ಕರೆಸಿದಳು.

ಮನೋಜ್ ಸ್ಟೂಲು ಹತ್ತಿ ಚಪ್ಪಡಿ ಮತ್ತು ಕಂಬ ಸೇರುವ ಜಾಗಕ್ಕೆ ಡ್ರಿಲ್ಲಿಂಗ್ ಮೆಷೀನು ಹಿಡಿದ. ಗ್ಯಾರೇಜೆಲ್ಲ ಕಿರುಚಿತು. ಮೊದಲು ಬಿಳಿ ಸುಣ್ಣ ಉದುರಿತು. ಆಮೇಲೆ ಬೂದು ಬಣ್ಣದ ಕಲ್ಲಿನ ಪುಡಿ ಉದುರಬೇಕಿತ್ತು. ಉದುರಿದ್ದು ಕೆಂಪು. ಕುಂಕುಮದ ಕೆಂಪು. ಅವನ ಮೊಣಕೈಯಿಂದ ಜಾರಿ ಕಾರಿನ ಬಾನೆಟ್ಟಿನ ಮೇಲೆ ಚೆಲ್ಲಿತು. ಒಳಗೆಲ್ಲೋ ತಗಡು ಹರಿದ ಸದ್ದಾಯಿತು. ಮೆಷೀನು ಗಕ್ಕನೆ ನಿಂತಿತು. ಅವನು ಬಿಟ್ಟನ್ನು ಹೊರಗೆಳೆದ. ಅದಕ್ಕೆ ಉದ್ದನೆಯ ಕೂದಲು ಸುತ್ತಿಕೊಂಡಿತ್ತು, ನೂಲಿನ ಉಂಡೆಯ ಹಾಗೆ.

"ಇದೇನ್ ಮೇಡಂ, ಕಲ್ಲಿಗೂ ಜಡೆ ಹಾಕಿದ್ರಾ?" ಎಂದು ನಗಲು ಹೋದ ಮನೋಜನ ನಗು ಅರ್ಧಕ್ಕೇ ನಿಂತಿತು. ಕೂದಲಿನ ಜೊತೆ ತಾಮ್ರದ ತಗಡಿನ ಚೂರೊಂದು ಬಂದಿತ್ತು. ಅದರ ಮೇಲೆ ಯಂತ್ರದ ಹಾಗೆ ಚೌಕಚೌಕವಾಗಿ ಗೀಚಿದ ಗೆರೆಗಳು, ಅಕ್ಷರಗಳು. ಅವನು ಅದನ್ನು ಕೈಯಲ್ಲಿ ಮುಟ್ಟದೆ ಕಾಲಲ್ಲಿ ಶಟರಿನ ಕಡೆಗೆ ತಳ್ಳಿದ. ನಿಲ್ಲಿಸಿಬಿಡಲೇ ಎಂದು ಕೇಳಿದ. ಹಳೇ ಕಾಲದವರು ಏನೇನೋ ಹೂತಿರುತ್ತಾರೆ, ನಾಲ್ಕು ಬೋಲ್ಟಿನ ಕೆಲಸಕ್ಕೆ ಇಷ್ಟು ಯೋಚನೆಯೆ ಎಂದಳು ಇಂಚರ. ಅವನು ಕೆಲಸ ಮುಗಿಸಿದ. ಇಬ್ಬರು ಸೇರಿ ನಿಂತರೂ ತಡೆಯುತ್ತೆ ಮೇಡಂ ಎಂದು ಹೇಳಿ, ಚಹಾ ಕೂಡ ಕುಡಿಯದೆ ಹೋದ.

ಸಂಜೆ ವಿಶ್ರುತ್ ಮತ್ತು ಚಿಕ್ಕಪ್ಪನ ಡ್ರೈವರು ಸೇರಿ ತೊಟ್ಟಿಲನ್ನು ಮೇಲಿಟ್ಟರು. ಹಳೇ ಬೆಡ್‌ಶೀಟು ಹೊದಿಸಿದರು. ಇಂಚರ ದೂರ ನಿಂತು ನೋಡಿ, ಚೆನ್ನಾಗಿದೆ ಎಂದಳು. ಆ ಗಳಿಗೆಗೇ ಹೊಟ್ಟೆಯಲ್ಲಿ ಮಗು ಒಮ್ಮೆ ಜೋರಾಗಿ ಹೊರಳಿತು. ಸಂತೋಷಕ್ಕೆ ಎಂದುಕೊಂಡಳು.

ಅಲ್ಲಿಂದ ಶುರುವಾಯಿತು.

ಮೊದಲು ಸದ್ದು. ಕಾರು ತೆಗೆಯಲು ಹೋದಾಗ ಬೆಡ್‌ಶೀಟಿನ ಅಡಿಯಿಂದ ಕಿರ್ ಎನ್ನುವ ಮರದ ಸದ್ದು, ಬಿಟ್ಟು ಬಿಟ್ಟು, ಯಾರೋ ಕಾಲಲ್ಲಿ ತೂಗುತ್ತಿರುವಂತೆ. ಖಾಲಿ ತೊಟ್ಟಿಲು ತೂಗಬಾರದು ಎಂದು ಅಮ್ಮ ಹೇಳುತ್ತಿದ್ದುದು ನೆನಪಾಯಿತು. ತೇಗ ಬಿಸಿಲಿಗೆ ಹಿಗ್ಗುತ್ತದೆ ಎಂದು ಅವಳೇ ತನಗೆ ಸಮಾಧಾನ ಹೇಳಿಕೊಂಡಳು. ಆಮೇಲೆ ಪ್ಲೈವುಡ್ ಬಾಗತೊಡಗಿತು. ಒಬ್ಬಾಳಿನ ತೂಕವೂ ಇಲ್ಲದ ತೊಟ್ಟಿಲಿಗೆ ಇಬ್ಬರನ್ನು ತಡೆಯುವ ಹಲಗೆ ಜಗ್ಗಿತು. ದಿನದಿಂದ ದಿನಕ್ಕೆ ಹೊಟ್ಟೆ ಬಿಟ್ಟ ಹಸುವಿನ ಹಾಗೆ ಕೆಳಗಿಳಿಯಿತು. ಹಲಗೆ ಕಳಪೆ ಎಂದು ಮನೋಜನಿಗೆ ಫೋನು ಮಾಡಿ ಬೈದಳು. ಅವನು ನಡುವೆಯೇ ಫೋನಿಟ್ಟ.

ಹಲಗೆ ಎಷ್ಟು ಭಾರವಾಯಿತೋ ಅವಳು ಅಷ್ಟು ಹಗುರವಾದಳು.

ಅದನ್ನು ಅವಳು ಬಹಳ ದಿನ ಯಾರಿಗೂ ಹೇಳಲಿಲ್ಲ. ಮೆಟ್ಟಿಲು ಹತ್ತಿದರೆ ಏದುಸಿರಿಲ್ಲ. ಸೊಂಟ ನೋವಿಲ್ಲ. ಮಗ್ಗುಲು ಬದಲಿಸಲು ಕೈ ಊರಬೇಕಾಗಿಲ್ಲ. ಎಂಟು ತುಂಬಿದ ಹೊಟ್ಟೆ ಕಾಣುವುದಕ್ಕೆ ಹಾಗೇ ಇತ್ತು. ಕೈಯಿಟ್ಟರೆ ಗಾಳಿ ತುಂಬಿದ ದಿಂಬಿನಂತಿತ್ತು. ಮಗುವಿನ ಒದೆತ ಮೊದಲು ಮೆತ್ತಗಾಯಿತು, ಆಮೇಲೆ ದೂರವಾಯಿತು. ಪಕ್ಕದ ಮನೆಯಲ್ಲಿ ಯಾರೋ ಬಾಗಿಲು ತಟ್ಟಿದ ಹಾಗೆ. ಡಾಕ್ಟರು ಸ್ಕ್ಯಾನು ನೋಡಿ, ಎದೆಬಡಿತ ಇದೆ, ತೂಕ ಮಾತ್ರ ಕಡಿಮೆಯಾಗ್ತಿದೆ, ಯಾಕೆ ಅಂತ ಗೊತ್ತಾಗ್ತಿಲ್ಲ ಎಂದರು. ಅಲಮೇಲು ಹರಕೆಯ ಮೇಲೆ ಹರಕೆ ಹೊತ್ತಳು. ವಿಶ್ರುತ್ ಆಫೀಸಿನಿಂದ ಗಂಟೆಗೊಮ್ಮೆ ಫೋನು ಮಾಡಿ ಒಂದೇ ಮಾತು ಕೇಳುತ್ತಿದ್ದ. ಒದೀತಾ?

ಬಿದ್ದಿದ್ದ ತಗಡಿನ ಚೂರು ಅಕ್ಕಯಮ್ಮನಿಗೆ ಸಿಕ್ಕಿದ್ದು ಶಟರಿನ ಬಳಿ ಕಸ ಗುಡಿಸುವಾಗ. ಅವಳು ಪೊರಕೆ ಹಿಡಿದೇ ಒಳಗೆ ಹೋದಳು. ಅಟ್ಟ ನೋಡಿದಳು. ಹೊರಗೆ ಬಂದು ಮೆಟ್ಟಿಲ ಮೇಲೆ ಕುಸಿದು ಕೂತಳು. ಇಂಚರ ನೀರು ತಂದುಕೊಟ್ಟಳು. ಬೈಗುಳಕ್ಕೆ ಸಿದ್ಧವಾಗಿ ನಿಂತಳು. ಅಕ್ಕಯಮ್ಮ ಬೈಯಲಿಲ್ಲ.

"ಅದು ಹೊರೆಗಲ್ಲು ಕಣವ್ವ," ಎಂದಳು. ಅವತ್ತೇ ಮೊದಲ ಸಲ ಅವಳು ಅವ್ವ ಎಂದದ್ದು.

ಹಿಂದೆ ಹೊಲದಿಂದ ಹೊರೆ ಹೊತ್ತು ಬರುವವರು ದಾರಿಯಲ್ಲಿ ಇಳಿಸಿ ಸುಧಾರಿಸಿಕೊಳ್ಳಲು ನೆಡುತ್ತಿದ್ದ ಕಲ್ಲು. ತಲೆಯ ಎತ್ತರಕ್ಕೇ ಇರುವುದರಿಂದ ಯಾರ ಸಹಾಯವೂ ಇಲ್ಲದೆ ಹೊರೆಯನ್ನು ಅದರ ಮೇಲೆ ಜರುಗಿಸಬಹುದು. ಈ ಕಲ್ಲನ್ನು ನೆಟ್ಟದ್ದು ಬೈರಣ್ಣನ ಮುತ್ತಜ್ಜ, ಸತ್ತ ಸೊಸೆಯ ಸಮಾಧಾನಕ್ಕಾಗಿ. ದಿನ ತುಂಬಿದ ಬಸುರಿ ರಾಗಿ ಹೊರೆ ಹೊತ್ತು ಓಣಿಯಲ್ಲಿ ಬಂದಳಂತೆ. ಒಸಿ ಕೈ ಕೊಡಿ, ಇಳಿಸಿಕೊಡಿ ಎಂದು ಕೂಗಿದಳಂತೆ. ಅತ್ತೆಯ ಜೊತೆ ಬೆಳಿಗ್ಗೆ ಜಗಳವಾಗಿತ್ತು. ಮನೆಯವರೆಲ್ಲ ಕೇಳಿಸಿಕೊಂಡರು, ಯಾರೂ ಎದ್ದು ಹೋಗಲಿಲ್ಲ. ಅವಳು ಅಲ್ಲೇ, ಗೋಡೆಗೆ ಒರಗಿ, ಹೊರೆ ಹೊತ್ತಂತೆಯೇ ಸತ್ತಳು. ಮಗುವೂ ಇಳಿಯಲಿಲ್ಲ. ನನ್ನ ಹೊರೆ ಇಳಿಸದ ಈ ಜಾಗದಲ್ಲಿ ಇನ್ನೊಬ್ಬಳ ಹೊರೆಯೂ ಇಳಿಯದಿರಲಿ ಎಂದು ಸಾಯುವ ಮುಂಚೆ ಶಾಪ ಹಾಕಿದ್ದಳಂತೆ. ಹೋಗಿಬರುವವರು ಕಲ್ಲಿನ ಮೇಲೆ ಹೊರೆ ಇಳಿಸಿ, ಸುಧಾರಿಸಿಕೊಂಡು, ಮತ್ತೆ ಎತ್ತಿಕೊಂಡು ಹೋದಷ್ಟು ದಿನ ಅವಳು ತಣ್ಣಗಿದ್ದಳು. ಬೈರಣ್ಣ ಓಣಿ ಮುಚ್ಚಿದ ಮೇಲೆ ಕೂಗತೊಡಗಿದಳು. ಆಗ ಅವನು ಮಂತ್ರವಾದಿಯೊಬ್ಬನನ್ನು ಕರೆಸಿ, ಅವಳ ಕೂದಲೆಂದು ಅಟ್ಟದ ಮಡಿಕೆಯಲ್ಲಿಟ್ಟಿದ್ದುದನ್ನು ತಗಡಿನಲ್ಲಿ ಸುತ್ತಿಸಿ, ಕಲ್ಲಿನ ಸಂದಿಯಲ್ಲಿ ಕಟ್ಟು ಹಾಕಿಸಿದ.

"ಹೊರೆ ಇಟ್ಟೋರು ಎತ್ಕೊಂಡ್ ಹೋಗ್ಬೇಕು. ನೀನು ಇಟ್ಟು ಬಿಟ್ಟಿದ್ದೀಯ. ಅದೂ ಖಾಲಿ ತೊಟ್ಟಿಲು. ಅವಳು ತುಂಬಿಸ್ಕೋತಾವ್ಳೆ."

ಇಂಚರಳ ಕೈ ತಾನಾಗಿ ಹೊಟ್ಟೆಗೆ ಹೋಯಿತು. ಹಾಗಾದರೆ ಇಳಿಸಿಬಿಡುತ್ತೇವೆ ಎಂದಳು.

"ಇಳಿಸ್ಬೇಕು. ಆದ್ರೆ ಇಳಿಸೋವಾಗ ಅವಳು ಕೈ ಕೇಳ್ತಾಳೆ. ಎರಡೂ ಕೈ ಎತ್ತಿದೋರಿಗೆ ಅವಳ ಹೊರೆ ಬಂದುಬಿಡ್ತದೆ. ಎತ್ತಬ್ಯಾಡ. ಎಷ್ಟ್ ಕೂಗಿದ್ರೂ ಎತ್ತಬ್ಯಾಡ."

ವಿಶ್ರುತ್ ಆ ಸಂಜೆ ಎಲ್ಲ ಕೇಳಿಸಿಕೊಂಡ. ಅವನೂ ನಂಬುವವನಲ್ಲ. ಆದರೆ ನಗಲಿಲ್ಲ. ನಾಳೆ ಬೆಳಿಗ್ಗೆಯೇ ಮನೋಜನನ್ನು ಕರೆಸಿ ಬಿಚ್ಚಿಸೋಣ ಎಂದ. ಮನೋಜ್ ಬರಲಿಲ್ಲ. ಫೋನು ಸ್ವಿಚ್ ಆಫ್ ಆಗಿತ್ತು. ಮಟಮಟ ಮಧ್ಯಾಹ್ನದ ಹೊತ್ತಿಗೆ ಇಂಚರಳಿಗೆ ಹೊಳೆಯಿತು, ಎದ್ದಾಗಿನಿಂದ ಮಗು ಒಮ್ಮೆಯೂ ಅಲುಗಿಲ್ಲ.

ತಣ್ಣೀರು ಕುಡಿದಳು. ಎಡಕ್ಕೆ ಮಲಗಿದಳು. ಬೆಲ್ಲ ತಿಂದಳು. ಇಲ್ಲ.

ಆಸ್ಪತ್ರೆಗೆ ಹೊರಟರು. ವಿಶ್ರುತ್ ಫೈಲು ತರಲು ಮತ್ತೆ ಮೇಲೆ ಓಡಿದ. ಅವಳು ಕಾರಿನ ಬಾಗಿಲು ತೆಗೆಯಲೆಂದು ಗ್ಯಾರೇಜಿನೊಳಕ್ಕೆ ಕಾಲಿಟ್ಟಳು. ಬೀದಿಯಲ್ಲಿ ಉರಿಬಿಸಿಲು. ಒಳಗೆ ಎರಡು ಹೆಜ್ಜೆಗೆ ಕತ್ತಲು. ಒದ್ದೆ ಹುಲ್ಲಿನ ವಾಸನೆ ಮೂಗಿಗೆ ರಪ್ಪನೆ ಬಡಿಯಿತು. ಈಗತಾನೆ ಕೊಯ್ದ ರಾಗಿ ಹುಲ್ಲು. ಬೆವರು. ಅರಿಸಿನ. ಅದರಡಿಯಲ್ಲಿ ಹಳೇ ರಕ್ತ.

ತೊಟ್ಟಿಲು ತೂಗುತ್ತಿತ್ತು.

ಬೆಡ್‌ಶೀಟು ಇರಲಿಲ್ಲ. ಪ್ಲೈವುಡ್ ಕಾರಿನ ಬಾನೆಟ್ಟನ್ನು ಮುಟ್ಟುವಷ್ಟು ಜೋತಿತ್ತು. ತೊಟ್ಟಿಲೊಳಗಿಂದ ಒಂದು ಸದ್ದು ಬಂತು. ಅಳುವಲ್ಲ. ಅಳುವುದಕ್ಕೆ ಮೊದಲು ಮಗು ಉಸಿರು ಎಳೆದುಕೊಳ್ಳುತ್ತದಲ್ಲ, ಅದು.

ಹಿಂದೆ ಶಟರು ಧಡಾರನೆ ಇಳಿಯಿತು.

ಕತ್ತಲು. ಕಂಬಗಳ ನಡುವೆ ಇನ್ನೂ ಗಟ್ಟಿಯಾದ ಕತ್ತಲು. ಅದಕ್ಕೆ ಕತ್ತಿತ್ತು, ಭಾರಕ್ಕೆ ಹುಗಿದುಹೋದ ಕತ್ತು. ಮುಂದೆ ಚಾಚಿದ ಹೊಟ್ಟೆ ಇತ್ತು. ತಲೆಯ ಮೇಲೆ ಏನೋ ತಾರಸಿಯವರೆಗೂ ಒಟ್ಟಿಕೊಂಡಿತ್ತು.

"ಅವ್ವಾ. ಒಸಿ ಇಳುಸ್ಕೊಡವ್ವ."

ದನಿಯಲ್ಲಿ ಕೋಪವಿರಲಿಲ್ಲ. ಅದೇ ಭಯಂಕರವಾಗಿತ್ತು. ಸುಸ್ತಾಗಿದ್ದ ಹೆಂಗಸಿನ ದನಿ. ಬಸ್ಸಿನಲ್ಲಿ, ಮೆಟ್ರೋದಲ್ಲಿ, ಯಾರು ಹಾಗೆ ಕೇಳಿದರೂ ಇಂಚರ ಕೈ ಚಾಚುತ್ತಿದ್ದಳು. ಎತ್ತಬಾರದು ಎಂದುಕೊಂಡಳು. ಸೆರಗಿನ ತುದಿ ಹಿಡಿದಳು. ಬೆರಳು ಬಿಟ್ಟುಹೋಯಿತು. ಕೈ ಮೇಲೆದ್ದಿತು. ಅವಳ ಕೈಯೇ. ಮೊಣಕೈವರೆಗೆ. ಭುಜದವರೆಗೆ. ಹೊಟ್ಟೆಯೊಳಗೆ ಏನೂ ಇಲ್ಲ. ಏನೂ ಇಲ್ಲ. ತೊಟ್ಟಿಲಲ್ಲಿ ಉಸಿರು.

"ವಿಶ್ರುತ್," ಎಂದಳು. ಕಿರುಚಬೇಕೆಂದಿದ್ದಳು. ಪಿಸುಮಾತು ಬಂತು.

ಶಟರು ಒಂದು ಅಡಿ ಎದ್ದಿತು. ಬಿಸಿಲಿನ ಪಟ್ಟಿ. ಅವನು ತೆವಳಿಕೊಂಡು ಒಳಗೆ ಬಂದ. ಒಂದು ಸಲ ಅವಳ ಕೈ ನೋಡಿದ, ಒಂದು ಸಲ ಕಂಬಗಳ ನಡುವೆ ನೋಡಿದ. ಅವಳನ್ನು ಹಿಂದಕ್ಕೆ ತಳ್ಳಿ ಮುಂದೆ ನಿಂತು ತನ್ನೆರಡು ಕೈ ಎತ್ತಿದ.

"ನಂಗೆ ಕೊಡಮ್ಮ."

ಚಪ್ಪಡಿ ಸಿಡಿಯಿತು. ನಟ್ಟನಡುವೆ, ಬಂಡೆ ಸಿಡಿದಂತೆ. ಆಂಗಲ್ಲು, ಪ್ಲೈವುಡ್ಡು, ತೊಟ್ಟಿಲು ಎಲ್ಲ ಕಾರಿನ ಮೇಲೆ ಕುಸಿದವು. ಧೂಳಿನಲ್ಲಿ ಯಾರೋ ದೀರ್ಘವಾಗಿ, ಬಹಳ ದೀರ್ಘವಾಗಿ ಉಸಿರು ಬಿಟ್ಟರು. ಹುಲ್ಲಿನ ವಾಸನೆ ಕರಗಿತು. ಅದೇ ಹೊತ್ತಿಗೆ ಇಂಚರಳ ಪಕ್ಕೆಗೆ ಒಳಗಿನಿಂದ ಒದೆ ಬಿತ್ತು. ಮತ್ತೊಂದು. ಭಾರ ಧುಮುಕಿ ಬಂದು ಸೊಂಟ ಮುರಿಯುವಂತಾಯಿತು. ಅವಳು ನೆಲಕ್ಕೆ ಕೂತು ನಗುತ್ತ ಅಳುತ್ತ ಗಂಡನ ಹೆಸರು ಕೂಗಿದಳು.

ಅವನು ತಿರುಗಿದ. ಕತ್ತು ಹುಗಿದುಹೋಗಿತ್ತು.

ಮಗಳು ಹುಟ್ಟಿದಳು. ಗುಂಡುಗುಂಡಾಗಿ, ತೂಕ ಸರಿಯಾಗಿ. ಹೆಸರು ಮೈತ್ರಿ. ಅವರು ತ್ಯಾಗರಾಜನಗರದ ಅಲಮೇಲುವಿನ ಮನೆಗೆ ಬಂದುಬಿಟ್ಟರು. ತೊಟ್ಟಿಲನ್ನು ಯಾರೂ ಕೇಳಲಿಲ್ಲ.

ಎಕ್ಸ್-ರೇ ನೋಡಿದ ಡಾಕ್ಟರು, ಮೂಟೆ ಹೊರೋ ಕೆಲಸಾನಾ ಎಂದು ವಿಶ್ರುತನನ್ನು ಕೇಳಿದರು. ಅವನು ಲೆಕ್ಕಪತ್ರ ನೋಡುವವನು. ಕತ್ತಿನ ಮೂಳೆಗಳು ಒಂದರ ಮೇಲೊಂದು ಜಜ್ಜಿಹೋಗಿದ್ದವು. ಮಲಗಲು ಆಗುತ್ತಿರಲಿಲ್ಲ, ಗೋಡೆಗೆ ಒರಗಿ ನಿದ್ದೆ. ನೆತ್ತಿಯ ಕೂದಲು ಬಳೆಯಾಕಾರದಲ್ಲಿ ಸವೆದು ಉದುರಿತು. ಅಕ್ಕಯಮ್ಮ ಒಮ್ಮೆ ನೋಡಲು ಬಂದಳು. ದೂರವೇ ನಿಂತು, ಎರಡು ಕೈಯನ್ನೂ ಸೆರಗಿನೊಳಗೆ ಮುಚ್ಚಿಕೊಂಡು, ಸಿಂಬೆ ಇಡು ಎಂದು ಹೇಳಿಹೋದಳು. ಅಂದಿನಿಂದ ಇಂಚರ ದಿನಾ ಬೆಳಿಗ್ಗೆ ಹಳೇ ಸೀರೆ ಸುತ್ತಿ ಸಿಂಬೆ ಮಾಡಿ ಅವನ ತಲೆಯ ಮೇಲಿಡುತ್ತಿದ್ದಳು. ಸಂಜೆಗೆ ಅದು ದೋಸೆಯಂತೆ ಚಪ್ಪಟೆಯಾಗಿರುತ್ತಿತ್ತು. ಇಳಿಸೋಣವೆಂದರೆ ಇಳಿಸುವ ಕಲ್ಲು ಇಬ್ಭಾಗವಾಗಿತ್ತು. ತನಗೆ ಕೊಡು ಎಂದು ಅವಳು ಎಷ್ಟೋ ಸಲ ಕೇಳಿದಳು. ಅವನು ಪ್ರತಿಸಲವೂ ಎದ್ದು ಇನ್ನೊಂದು ಕೋಣೆಗೆ ಹೋಗಿ ಚಿಲಕ ಹಾಕಿಕೊಂಡ. ಅವನ ಮುಂದೆ ಯಾರೂ ಕೈ ಎತ್ತಬಾರದು, ಅದೊಂದೇ ಅವನು ಕೇಳಿದ್ದು. ಮಗಳನ್ನು ಅವನು ಒಮ್ಮೆಯೂ ಎತ್ತಿಕೊಳ್ಳಲಿಲ್ಲ. ಎತ್ತಿಕೋ ಎಂದು ಕೈ ಚಾಚುವ ವಯಸ್ಸು ಬಂದಾಗ ಅಲಮೇಲು ಅವಳನ್ನು ಅಪ್ಪನ ಹತ್ತಿರ ಬಿಡುತ್ತಲೇ ಇರಲಿಲ್ಲ.

ಮೈತ್ರಿಗೆ ನಾಲ್ಕು ನಡೆಯುತ್ತಿದ್ದಾಗ ಒಂದು ದಿನ ಅಲಮೇಲು ತರಕಾರಿಗೆ ಹೋಗಿದ್ದಳು. ಇಂಚರ ಒಲೆಯ ಮುಂದಿದ್ದಳು. ನಡುಮನೆಯಿಂದ ಮಗಳ ಮಾತು ಕೇಳಿಸಿತು.

"ಅಪ್ಪ, ನೋಡು, ನಂಗೂ ಸಿಂಬೆ ಇದೆ. ನಿಂಗೆ ಭಾರ ಅಲ್ವಾ? ಕೊಡು."

ಇಂಚರ ಓಡಿದಳು. ಮೈತ್ರಿ ಟವೆಲನ್ನು ಸುತ್ತಿ ತಲೆಯ ಮೇಲಿಟ್ಟುಕೊಂಡು, ಪುಟ್ಟ ಕೈಗಳೆರಡನ್ನೂ ಎತ್ತಿ ನಿಂತಿದ್ದಳು. ವಿಶ್ರುತ್ ಹಿಂದೆ ಸರಿಯುತ್ತಿದ್ದ. ಒಂದು ಹೆಜ್ಜೆ. ಇನ್ನೊಂದು. ಬೆನ್ನಿಗೆ ಗೋಡೆ ಸಿಕ್ಕಿತು. ಅವನ ಕೈಗಳು ತಾವಾಗಿ ತಲೆಯ ಕಡೆ ಏಳುತ್ತಿದ್ದವು. ಅವನು ಬೇಡ, ಬೇಡ ಎನ್ನುತ್ತಿದ್ದ. ಕೈಗಳು ಕೇಳುತ್ತಿರಲಿಲ್ಲ.

ಕೋಣೆಯಲ್ಲಿ ಒದ್ದೆ ಹುಲ್ಲಿನ ವಾಸನೆ.

ತಲೆ ಮೇಲೆ ಹೊತ್ಕೊಂಡು ತಿರುಗ್ಲಾ ಎಂದು ತಾನು ನಕ್ಕಿದ್ದು ಇಂಚರಳಿಗೆ ನೆನಪಾಯಿತು. ಈಗಲೂ ಬಿಡ್ತು ಅನ್ನಲಿಲ್ಲ. ಮಗಳನ್ನು ರಟ್ಟೆ ಹಿಡಿದು ಹಿಂದಕ್ಕೆಳೆದಳು. ಅವಳ ತಲೆಯಿಂದ ಟವೆಲು ತೆಗೆದು ತನ್ನ ತಲೆಯ ಮೇಲಿಟ್ಟುಕೊಂಡಳು. ಗಂಡನ ಎದುರು ನಿಂತು ಎರಡೂ ಕೈ ಎತ್ತಿದಳು.

"ಇಲ್ಲಿ ಕೊಡು."

ವಿಶ್ರುತನ ಕತ್ತು ಮೆಲ್ಲಗೆ, ನೀರಿನಿಂದ ಮೇಲೆದ್ದಂತೆ, ನೆಟ್ಟಗಾಯಿತು. ಅವನು ಎಷ್ಟು ಎತ್ತರದವನೆಂಬುದನ್ನು ಅವಳು ಮರೆತೇಬಿಟ್ಟಿದ್ದಳು.

ಭಾರ ಅವಳು ತಿಳಿದುಕೊಂಡಷ್ಟಿರಲಿಲ್ಲ. ತಣ್ಣಗಿತ್ತು. ಕಿವಿಯ ಬಳಿ ಹುಲ್ಲು ಸರಸರ ಎಂದಿತು. ಆಮೇಲೆ, ನೆತ್ತಿಯ ಮೇಲೆ, ಅದರೊಳಗಿಂದ ಏನೋ ಮೆಲ್ಲಗೆ ಒದೆಯಿತು.